ಗ್ಲ್ಯಾಡ್‌ಸ್ಟನ್ನನ ಧರ್ಮಶ್ರದ್ಧೆಯೂ ರಾಜ್ಯನೀತಿಯೂ

ದೈವದಲ್ಲಿ ಅಚಲವಾದ ನಂಬಿಕೆಯುಳ್ಳವನೊಬ್ಬನು ಅಧಿಕಾರಕ್ಕೆ ಬಂದರೆ, ಆ ನಂಬಿಕೆಯನ್ನು ಪ್ರಜೆಗಳೆಲ್ಲರ ಮೇಲೂ ಹೊರಿಸಬಹುದೆ? ಹೊರಿಸದಿದ್ದಲ್ಲಿ ಅವನ ಶ್ರದ್ಧೆಗೆ ಕುಂದುಂಟಾಯಿತೆಂದು ಎಣಿಸಬೇಕೆ? ಈ ಪ್ರಶ್ನೆಗೆ ತನ್ನ ಜೀವಮಾನದಲ್ಲಿ ಮೆಲ್ಲಮೆಲ್ಲನೆ ಉತ್ತರವನ್ನು ಕಂಡುಕೊಂಡವನು ಇಂಗ್ಲೆಂಡಿನ ವಿಲಿಯಂ ಗ್ಲ್ಯಾಡ್‌ಸ್ಟನ್ ಮಹಾಶಯನು.

ಆತನು 1809ರಲ್ಲಿ ಲಿವರ್‌ಪೂಲ್ ಪಟ್ಟಣದಲ್ಲಿ ಜನಿಸಿದನು. ತಾರುಣ್ಯದಲ್ಲಿ ಪಾದ್ರಿಯಾಗಬೇಕೆಂದು ಬಯಸಿದ್ದವನು 1832ರಲ್ಲಿ ಪಾರ್ಲಿಮೆಂಟನ್ನು ಸೇರಿ, ಮುಂದೆ ನಾಲ್ಕು ಸಲ ಪ್ರಧಾನಮಂತ್ರಿಯಾದನು. ಮನುಷ್ಯನಿಗೆ ಅಂತಃಸಾಕ್ಷಿ ಇರುವಂತೆಯೇ ರಾಜ್ಯಕ್ಕೂ ಉಂಟು, ಆದುದರಿಂದ ರಾಜ್ಯವು ಇಂಗ್ಲೆಂಡಿನ ಅಧಿಕೃತ ಚರ್ಚನ್ನೇ ಪೋಷಿಸತಕ್ಕದ್ದು ಎಂಬುದು 1838ರಲ್ಲಿ ಆತನು ಬರೆದ ಗ್ರಂಥದ ವಾದ. 1845ರಲ್ಲಿ ಸರ್ಕಾರವು ಐರ್ಲೆಂಡಿನ ಮೇನೂತ್ ಎಂಬಲ್ಲಿನ ಕ್ಯಾಥೊಲಿಕ್ ವಿದ್ಯಾಲಯಕ್ಕೆ ಕೊಡುತ್ತಿದ್ದ ದ್ರವ್ಯವನ್ನು ಹೆಚ್ಚಿಸಹೊರಟಿತು. ಇದು ತನ್ನ ಗ್ರಂಥಕ್ಕೆ ವಿರುದ್ಧವೆಂದು ಆತನು ಮಂತ್ರಿಪದವಿಯನ್ನು ಬಿಟ್ಟನು; ಆದರೆ ಮಸೂದೆ ಸಭೆಯ ಮುಂದೆ ಬಂದಾಗ ಅದಕ್ಕೆ ಅನುಕೂಲವಾಗಿಯೇ ಮತ ಕೊಟ್ಟನು. ಕೊಟ್ಟ ಮಾತಿಗೆ ಪದವಿಯನ್ನು ತೆತ್ತು, ನ್ಯಾಯಕ್ಕೆ ಮತವನ್ನು ಕೊಟ್ಟಂತಾಯಿತು.

ಐರ್ಲೆಂಡಿನ ಜನರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಅಲ್ಲಿ ರಾಜಮನ್ನಣೆ ಪಡೆದ ಚರ್ಚು ಮಾತ್ರ ಆಳುವವರ ಮತದ್ದು. 1869ರ ಕಾಯಿದೆಯ ಮೂಲಕ ಆ ಮನ್ನಣೆಯನ್ನು ತೆಗೆದುಹಾಕಿದವನು ಅದೇ ಚರ್ಚಿನ ಪರಮಭಕ್ತನಾದ ಗ್ಲ್ಯಾಡ್‌ಸ್ಟನ್ನನೇ.

ದೇಶಭಕ್ತಿಯ ವಿಷಯದಲ್ಲಿಯೂ ಆತನ ದೃಷ್ಟಿ ಇಂಥದೇ. 1879ರಲ್ಲಿ, ಅಫ್ಘಾನಿಸ್ತಾನದಲ್ಲಿ ಯುದ್ಧ ನಡೆಯುತ್ತಿದ್ದಾಗ, ಅಲ್ಲಿನ ಬೆಟ್ಟದ ಹಳ್ಳಿಗಳ ಜನರ ಪ್ರಾಣವು ದೇವರ ಕಣ್ಣಿಗೆ ನಮ್ಮ ಪ್ರಾಣದಷ್ಟೇ ಪವಿತ್ರವಾದುದೆಂದು ಮಿಡ್‌ಲೋಥಿಯನ್ನಿನ ಜನರಿಗೆ ಹೇಳಿದನು. ಆದರೂ 1882ರಲ್ಲಿ ಆತನ ಸರ್ಕಾರವೇ ಈಜಿಪ್ಟಿಗೆ ಸೇನೆಯನ್ನು ಕಳುಹಿಸಿತು. ಆಡಿದುದನ್ನು ಅಧಿಕಾರದಲ್ಲಿದ್ದುಕೊಂಡು ನಡೆಸುವುದು ಎಷ್ಟು ಕಷ್ಟವೆಂಬುದಕ್ಕೆ ಇದೂ ನಿದರ್ಶನ.

ಆತನ ಶ್ರದ್ಧೆಗೆ ಕಠಿಣ ಪರೀಕ್ಷೆ ಒದಗಿದುದು ಚಾರ್ಲ್ಸ್ ಬ್ರ್ಯಾಡ್ಲಾನಿಂದ. 1880ರಲ್ಲಿ ನಾರ್ತಾಂಪ್ಟನ್ನಿನಿಂದ ಚುನಾಯಿತನಾದ ಈತನು ಪ್ರಸಿದ್ಧ ನಾಸ್ತಿಕ. ದೇವರ ಹೆಸರಿನ ಪ್ರಮಾಣಕ್ಕೆ ಬದಲಾಗಿ ಬರಿಯ ಪ್ರತಿಜ್ಞೆ ಮಾಡುವೆನೆಂದರೆ ಸಭೆ ಒಪ್ಪಲಿಲ್ಲ. ಪ್ರಮಾಣವನ್ನೇ ಮಾಡುವೆನೆಂದರೂ ಒಪ್ಪಲಿಲ್ಲ. ಕ್ಷೇತ್ರದ ಜನರು ಮತ್ತೆ ಮತ್ತೆ ಆತನನ್ನೇ ಆರಿಸಿದರು. ಬ್ರ್ಯಾಡ್ಲಾನ ಅಭಿಪ್ರಾಯಗಳು ಗ್ಲ್ಯಾಡ್‌ಸ್ಟನ್ನನಿಗೆ ಅಸಹ್ಯವಾಗಿದ್ದುವು. ಹೀಗಿದ್ದರೂ 1883ರ ಏಪ್ರಿಲ್ 26ರಂದು, ಪ್ರತಿಜ್ಞೆಗೆ ಅವಕಾಶ ಕೊಡುವ ಮಸೂದೆಯ ಪರವಾಗಿ ಆತನು ಸಭೆಯಲ್ಲಿ ನಿಂತು ವಾದಿಸಿದನು. ಯೆಹೂದ್ಯರಿಗೆ 1858ರಲ್ಲಿಯೇ ಪ್ರವೇಶ ಕೊಟ್ಟಿರುವಾಗ ಕ್ರೈಸ್ತಧರ್ಮವನ್ನು ಕಾಯುತ್ತಿದ್ದೇವೆಂಬ ಮಾತಿಗೆ ಅರ್ಥವೇನು? ಧರ್ಮದ ಹೆಸರಿನಲ್ಲಿ ಒಬ್ಬನ ನ್ಯಾಯವಾದ ಹಕ್ಕನ್ನು ತಡೆದರೆ ಜನರು ಧರ್ಮವನ್ನೇ ಅನ್ಯಾಯದ ಜೊತೆಗಾರನೆಂದು ತಿಳಿಯುವರು. ಧರ್ಮಕ್ಕೆ ಅದಕ್ಕಿಂತ ಹೆಚ್ಚಿನ ಹಾನಿ ಬೇರಿಲ್ಲ. ಆತನ ವಾದದ ಸಾರ ಇದು.

ಮಸೂದೆ ಮೂರೇ ಮತಗಳಿಂದ ಬಿದ್ದುಹೋಯಿತು: ಪರವಾಗಿ 289, ವಿರುದ್ಧವಾಗಿ 292. ಬ್ರ್ಯಾಡ್ಲಾನಿಗೆ ಸಭೆಯಲ್ಲಿ ಸ್ಥಾನ ದೊರೆತುದು 1886ರಲ್ಲಿ. ಪ್ರತಿಜ್ಞೆಯ ಹಕ್ಕು ಕಾನೂನಾದುದು 1888ರಲ್ಲಿ. ಬಾಗಿಲಲ್ಲಿ ತಡೆಯಲ್ಪಟ್ಟಿದ್ದ ಆ ನಾಸ್ತಿಕನೇ 1889ರಲ್ಲಿ ಬೊಂಬಾಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದು, ಭಾರತೀಯರ ಪರವಾಗಿ ಪಾರ್ಲಿಮೆಂಟಿನಲ್ಲಿ ದನಿಯೆತ್ತಿದನು. 1891ರಲ್ಲಿ ಆತನು ತೀರಿಕೊಂಡಾಗ, ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧಿಯವರು ಅಂತ್ಯಕ್ರಿಯೆಗೆ ಹೋಗಿದ್ದರು.

ಗ್ಲ್ಯಾಡ್‌ಸ್ಟನ್ನನು 1898ರಲ್ಲಿ ಮರಣ ಹೊಂದುವವರೆಗೂ ಭಕ್ತನಾಗಿಯೇ ಬಾಳಿದನು. ವಯಸ್ಸಾದಂತೆ ಆತನ ನಂಬಿಕೆ ಸಡಿಲವಾಗಲಿಲ್ಲ. ಅದರ ಅಧಿಕಾರವು ಯಾರ ಮೇಲೆ ಸಲ್ಲತಕ್ಕದ್ದೆಂಬ ವಿವೇಕ ಬೆಳೆಯಿತು. ತನ್ನ ಮೇಲೆ ಅದು ಪೂರ್ಣವಾಗಿ ಸಲ್ಲಬೇಕು. ನೆರೆಯವನ ಮೇಲೆ ಅವನು ಒಪ್ಪಿದಷ್ಟು ಮಾತ್ರ. ನಾನಾ ಮತಗಳ ಜನರು ಕೂಡಿ ಬಾಳುವ ನಾಡಿನಲ್ಲಿ ಆಳುವವರು ಈ ಅಂತರವನ್ನು ಮರೆಯಲಾಗದು.