ಸಹಾಯಕ ಸೈನ್ಯದ ಬೆಲೆ: 1800ರ ಬಳ್ಳಾರಿ ಸೀಮೆ

ಬಳ್ಳಾರಿಯ ಬೆಟ್ಟದ ಕೋಟೆಯನ್ನು ಕಂಡವರು, ಈ ಸೀಮೆ ಕಂಪನಿಯ ವಶವಾದುದು ಮುತ್ತಿಗೆಯಿಂದಲೇ ಎಂದು ಭಾವಿಸುವುದು ಸಹಜ. ವಾಸ್ತವವಾಗಿ ಇದು ಸೈನ್ಯದ ವೆಚ್ಚಕ್ಕೆ ಸಂದ ನೆಲವೆಂಬುದನ್ನು ನಾವಿಲ್ಲಿ ತೋರಿಸಬಯಸುತ್ತೇವೆ.

1795ರಲ್ಲಿ ಖರ್ಡಾದಲ್ಲಿ ಮರಾಠರಿಗೆ ಸೋತ ಹೈದರಾಬಾದಿನ ನಿಜಾಮನು, 1798ರಲ್ಲಿ ತನ್ನ ಫ್ರೆಂಚ್ ದಳಗಳನ್ನು ವಿಸರ್ಜಿಸಿ ಕಂಪನಿಯ ಸಹಾಯಕ ಸೈನ್ಯವನ್ನು ನೆಚ್ಚಿದನು. 1799ರಲ್ಲಿ ಟೀಪೂ ಮಡಿದ ಮೇಲೂ ಮರಾಠರ ಭಯ ಉಳಿಯಿತು. 1800ರ ಅಕ್ಟೋಬರಿನ ಒಪ್ಪಂದದಿಂದ ಆ ಸೈನ್ಯವು ಹೆಚ್ಚಿತು. ಅದರ ಸಂಬಳಕ್ಕಾಗಿ ನಿಜಾಮನು, 1792 ಮತ್ತು 1799ರಲ್ಲಿ ತನಗೆ ದೊರೆತಿದ್ದ ಮೈಸೂರಿನ ಪ್ರದೇಶಗಳನ್ನೂ ಆದವಾನಿ ಸೀಮೆಯನ್ನೂ ಬಿಟ್ಟುಕೊಟ್ಟನು. ತುಂಗಭದ್ರೆ ಗಡಿಯಾಯಿತು. ನದೀತೀರದ ಸಿರುಗುಪ್ಪ, ಬೆಟ್ಟದ ಕೋಟೆಯುಳ್ಳ ಕುರುಗೋಡು, ಬಳ್ಳಾರಿ ಇವೆಲ್ಲ ಒಂದೇ ಒಪ್ಪಂದದಿಂದ ಕೈಬದಲಾದುವು.

ಪರಬಲವನ್ನು ನೆಚ್ಚಿದ ಸಿದ್ಧತೆಗೆ ತೆತ್ತ ಬೆಲೆಯನ್ನು ರಣರಂಗದ ಸೋಲಿನೊಡನೆಯೇ ತೂಗಿ ನೋಡಬೇಕೆಂದು ನಮಗೆ ತೋರುತ್ತದೆ.