ನಂದಿಧ್ವಜ: ಮಠದ ಬೀದಿಯಿಂದ ಅರಮನೆಯ ದ್ವಾರದವರೆಗೆ

ಮಠಗಳ ಜಾತ್ರೆ, ಅಡ್ಡಪಲ್ಲಕ್ಕಿ ಹಾಗೂ ರಥೋತ್ಸವಗಳಲ್ಲಿ ಮುಂಚೂಣಿಯಲ್ಲಿ ಸಾಗುವ ಲಾಂಛನವೇ ನಂದಿಧ್ವಜ. ನಂದಿಕೋಲು, ನಂದಿಕಂಬ ಎಂಬ ಹೆಸರುಗಳೂ ಇದಕ್ಕುಂಟು. ಬಲಿತ, ನೆಟ್ಟನೆಯ ಬಿದಿರಿನ ಗಳು ಇದರ ಮೈ. ಅದರ ಉದ್ದಕ್ಕೂ ಹಿತ್ತಾಳೆ ಇಲ್ಲವೆ ಬೆಳ್ಳಿಯ ತಗಡುಗಳು, ಗೆಜ್ಜೆಗಳು, ಬಣ್ಣದ ವಸ್ತ್ರಗಳು, ತುದಿಯಲ್ಲಿ ಕಳಸ, ಬುಡದ ಕಡೆಗೆ ನಂದಿಯ ವಿಗ್ರಹ. ಹೊರುವವರು ನಡುವಿಗೆ ಗಟ್ಟಿಯಾಗಿ ಪಟ್ಟಿ ಬಿಗಿದು, ಕಂಬದ ಬುಡವನ್ನು ಅದರಲ್ಲಿ ನೆಲೆಗೊಳಿಸಿ, ಕರಡೆ ಚಮಾಳಗಳ ಗತ್ತಿಗೆ ಹೆಜ್ಜೆ ಹಾಕುತ್ತಾರೆ. ಆಳೆತ್ತರವನ್ನು ಹಲವು ಪಟ್ಟು ಮೀರಿದ ಕಂಬ ಗಾಳಿಗೆ ತೂಗುವಾಗ ಅದನ್ನು ನೆಟ್ಟಗೆ ನಿಲ್ಲಿಸುವುದು ತೋಳ್ಬಲದ ಮಾತಲ್ಲ. ಸೊಂಟದ ಮತ್ತು ಕಣ್ಣಿನ ಪಳಗಿಕೆಯ ಮಾತು.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಲಿಂಗಾಯತರಿಗೆ ಪೂಜೆಯ ನೆಲೆ ಅಂಗೈಯ ಇಷ್ಟಲಿಂಗವೇ. ನಂದಿಧ್ವಜ ಬಿರುದಿನ ಕುರುಹು, ಸಮುದಾಯವು ಒಂದಾಗಿ ನಡೆಯುತ್ತಿದೆಯೆಂಬುದರ ಗುರುತು. ಅದಕ್ಕೆ ಸಲ್ಲುವ ಗೌರವವನ್ನು ಇಷ್ಟಲಿಂಗಾರ್ಚನೆಯ ಸಾಲಿಗೆ ಸೇರಿಸುವುದು ಸರಿಯಲ್ಲವೆಂದು ನಾವು ಭಾವಿಸುತ್ತೇವೆ.

ಈ ಧ್ವಜವು ಮಠದ ಬೀದಿಯನ್ನು ದಾಟಿ ನಾಡಿನ ಸಾರ್ವಜನಿಕ ಬದುಕಿಗೂ ಬಂದಿರುವುದಕ್ಕೆ ಮೈಸೂರು ದಸರಾ ಸಾಕ್ಷಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಈ ಉತ್ಸವ ಇಂದು ನಾಡಹಬ್ಬ. ವಿಜಯದಶಮಿಯಂದು ಅರಮನೆಯ ಬಲರಾಮ ದ್ವಾರದ ಬಳಿ ಮುಖ್ಯಮಂತ್ರಿಗಳು ನಂದಿಧ್ವಜಕ್ಕೆ ಪೂಜೆ ಸಲ್ಲಿಸಿದ ಬಳಿಕವೇ ಜಂಬೂಸವಾರಿ ಹೊರಡುತ್ತದೆ. ಮೊದಲು ಧ್ವಜ, ಅನಂತರ ವೀರಗಾಸೆ ಮೊದಲಾದ ಕಲಾತಂಡಗಳು, ಸ್ತಬ್ಧಚಿತ್ರಗಳು. ಚಿನ್ನದ ಅಂಬಾರಿಯಲ್ಲಿ ಚಾಮುಂಡೇಶ್ವರಿಯನ್ನು ಹೊತ್ತ ಆನೆ ಬರುವುದು ಅವೆಲ್ಲದರ ಹಿಂದೆ. ಮುಖ್ಯಮಂತ್ರಿಗಳು ಯಾವ ಪಕ್ಷದವರೇ ಆಗಲಿ, ಯಾವ ಮನೆತನದವರೇ ಆಗಲಿ, ಆ ದಿನ ಬಿದಿರ ಗಳುವಿಗೆ ಕೈಮುಗಿಯುತ್ತಾರೆ. ದೂರದರ್ಶನದ ಕಣ್ಣು ಮಾತ್ರ ಬಹುಬೇಗ ಆನೆಯತ್ತ ತಿರುಗಿಬಿಡುತ್ತದೆ!

ಇದಕ್ಕಿಂತ ಹೆಚ್ಚು ಅರ್ಥಪೂರ್ಣವಾದ ಆಚರಣೆ ಇಂದು ಮಹಾರಾಷ್ಟ್ರದಲ್ಲಿರುವ ಸೊಲ್ಲಾಪುರದ್ದು. ಅದು 12ನೆಯ ಶತಮಾನದ ಶರಣ ಸಿದ್ಧರಾಮೇಶ್ವರರ ಸೊನ್ನಲಿಗೆ. ಕೆರೆ ಕಟ್ಟಿಸಿ ಲೋಕಹಿತದ ಕಾಯಕಕ್ಕೆ ಹೆಸರಾದ ಅವರು ಮುಂದೆ ಕಲ್ಯಾಣಕ್ಕೆ ಬಂದು ಶರಣರೊಡನೆ ಸೇರಿದರು. ಅಲ್ಲಿಯ ಸಂಕ್ರಾಂತಿ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುತ್ತವೆ. ಸಿದ್ಧರಾಮರನ್ನು ವರಿಸಬಯಸಿದ ಕುಂಬಾರ ಕನ್ಯೆಗೆ, ವಿರಕ್ತರಾದ ಅವರು ತಮ್ಮ ಯೋಗದಂಡದೊಡನೆ ವಿವಾಹವಾಗಲು ಸಮ್ಮತಿಸಿದರೆಂಬುದು ಐತಿಹ್ಯ. ಅದರ ನೆನಪಿಗಾಗಿ ಭೋಗಿಯ ದಿನ ಧ್ವಜಗಳು ಊರ ಸುತ್ತಲಿನ 68 ಲಿಂಗಗಳನ್ನು ಸಂದರ್ಶಿಸುತ್ತವೆ. ಲಿಂಗಗಳಿಗೆ ಎಣ್ಣೆಮಜ್ಜನ ನೆರವೇರುತ್ತದೆ. ಸಂಕ್ರಾಂತಿಯಂದು ಸಮ್ಮತಿ ಕಟ್ಟೆಯಲ್ಲಿ ಅಕ್ಷತಾರೋಪಣ, ಮರುದಿನ ಹೋಮ. ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಧ್ವಜವನ್ನು ಹೊರುತ್ತಾರೆ.

ನಮ್ಮ ಗಮನ ಸೆಳೆಯುವುದು ಆ ಏಳು ಧ್ವಜಗಳ ಮಾನದ ಹಂಚಿಕೆ. ಒಂದೇ ಮನೆತನಕ್ಕೆ, ಒಂದೇ ಜಾತಿಗೆ ಅದು ಮೀಸಲಾಗಿಲ್ಲ. ಲಿಂಗಾಯತ ಮಾಳಿಗಳು, ವಿಶ್ವಬ್ರಾಹ್ಮಣರು, ಮಾತಂಗ ಸಮುದಾಯದವರು ತಮ್ಮ ತಮ್ಮ ಧ್ವಜದ ಮಾನವನ್ನು ನಡೆಸಿಕೊಂಡು ಬಂದಿದ್ದಾರೆ. ನಂದಿಧ್ವಜವನ್ನು ಕೆಲವೇ ಮನೆಗಳ ಹಕ್ಕೆಂದು ಎಣಿಸಿ, ಉಳಿದವರನ್ನು ದೂರ ನಿಲ್ಲಿಸುವ ರೂಢಿ ಎಲ್ಲಿಯೇ ಉಳಿದಿರಲಿ, ಆ ಊರಿನ ಹಿರಿಯರು ಸೊನ್ನಲಿಗೆಯ ಈ ಪದ್ಧತಿಯನ್ನು ಎದುರಿಗಿಟ್ಟುಕೊಂಡು ಮಾತನಾಡಬೇಕು. ದೇವಾಲಯದ ಹೊಸ್ತಿಲಲ್ಲಿ ಭೇದವೆಣಿಸಬಾರದೆಂದವರ ವಾರಸುದಾರರು ಬಿದಿರಿನ ಕೋಲಿನ ಬಳಿ ಭೇದವೆಣಿಸುವುದು ಹೇಗೆ?

ಇನ್ನು ಜಾತ್ರಾ ಸಮಿತಿಗಳಿಗೆ ಎರಡು ಮಾತು. ಲೋಹದ ತಗಡು ಹೊದಿಸಿದ ಎತ್ತರದ ಕಂಬಕ್ಕೆ ಇಂದಿನ ದೊಡ್ಡ ಅಪಾಯ ಬೀದಿಯ ಮೇಲಿನ ವಿದ್ಯುತ್ ತಂತಿ. ಮೆರವಣಿಗೆಯ ದಾರಿಯನ್ನು ಮೊದಲೇ ನಡೆದು ನೋಡಿ, ಆ ಹೊತ್ತಿಗೆ ವಿದ್ಯುತ್ ಕಡಿತಗೊಳಿಸುವಂತೆ ಸಂಬಂಧಪಟ್ಟ ಕಚೇರಿಗೆ ಲಿಖಿತವಾಗಿ ಕೋರಬೇಕು. ಹೊಸಬರಿಗೆ ಜಾತ್ರೆಯ ದಿನವೇ ಕಂಬ ಕೊಡದೆ, ಕೆಲವು ವಾರ ಮೊದಲಿನಿಂದ ಬರಿಯ ಗಳುವಿನಲ್ಲಿ ಅಭ್ಯಾಸ ಮಾಡಿಸಿ, ತಗಡು ಗೆಜ್ಜೆಗಳನ್ನು ಕೊನೆಯಲ್ಲಿ ತೊಡಿಸುವುದು ಕ್ಷೇಮ.