‘ಸಾಕು’ ಎನ್ನುವ ಹಕ್ಕು

1961ರಲ್ಲಿ ಅಮೆರಿಕದ ನ್ಯೂ ಹೇವನ್ ಊರಿನ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ನೆನಪಿನ ಶಕ್ತಿಯ ಅಧ್ಯಯನಕ್ಕೆ ಜನ ಬೇಕಾಗಿದ್ದಾರೆ, ಒಂದು ಗಂಟೆಯ ಕೆಲಸ, ಕೈಗೆ 4 ಡಾಲರ್, ಬಸ್ ಖರ್ಚಿಗೆ 50 ಸೆಂಟ್. ಅಂಚೆ ಗುಮಾಸ್ತರು, ಶಿಕ್ಷಕರು, ಕೂಲಿಕಾರರು ಯೇಲ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಗೆ ಬಂದರು. ಎದುರಿಗೆ 15ರಿಂದ 450 ವೋಲ್ಟ್‌ವರೆಗೆ ಗುಂಡಿಗಳಿದ್ದ ಯಂತ್ರ. ಪಕ್ಕದ ಕೋಣೆಯ ಮನುಷ್ಯ ತಪ್ಪು ಉತ್ತರ ಕೊಟ್ಟಾಗಲೆಲ್ಲ ಒಂದು ಗುಂಡಿ ಮೇಲಕ್ಕೆ ಹೋಗಿ ಶಾಕ್ ಕೊಡಬೇಕು. ಆ ಮನುಷ್ಯ ಸಂಶೋಧಕರ ಕಡೆಯವನೇ, ಶಾಕ್ ಕೂಡ ಸುಳ್ಳು ಎಂಬುದು ಗುಂಡಿ ಒತ್ತುವವರಿಗೆ ಗೊತ್ತಿರಲಿಲ್ಲ.

40 ಮಂದಿಯಲ್ಲಿ 26 ಮಂದಿ ಕೊನೆಯ ಗುಂಡಿಯವರೆಗೂ ಹೋದರು. ಸ್ಟಾನ್ಲಿ ಮಿಲ್‌ಗ್ರಾಂ ನಡೆಸಿದ ಈ ಪ್ರಯೋಗದ ಅಂಕಿ ಪಠ್ಯಪುಸ್ತಕಗಳಲ್ಲೆಲ್ಲ ಇದೆ. ಅಷ್ಟಾಗಿ ಮಾತಿಗೆ ಬರದಿರುವುದು ಗುಂಡಿ ಒತ್ತಿದವರ ಪಾಡು. ಅವರು ಬೆವತರು, ತೊದಲಿದರು, ತುಟಿ ಕಚ್ಚಿಕೊಂಡರು. ಮೂವರಿಗೆ ತಡೆಯಲಾಗದ ಸೆಳವು ಬಂತು ಎಂದು ಮಿಲ್‌ಗ್ರಾಂ ಅವರೇ 1963ರಲ್ಲಿ ಬರೆದರು. ಇನ್ನು ನನ್ನ ಕೈಲಾಗದು ಎಂದವರಿಗೆ ಬೂದು ಕೋಟಿನ ಪ್ರಯೋಗಕಾರ, ಮುಂದುವರಿಸಲೇಬೇಕು, ಬೇರೆ ದಾರಿಯಿಲ್ಲ ಎನ್ನುತ್ತಿದ್ದ.

ಪ್ರಯೋಗಕ್ಕೆ ಕೂತವರು ‘ಸಾಕು’ ಎಂದರೆ ಕೇಳುವವರು ಯಾರು? ಮನೋವಿಜ್ಞಾನದ ಸಂಶೋಧನಾ ನೀತಿ ಬೆಳೆದದ್ದು ಈ ಪ್ರಶ್ನೆಯ ಸುತ್ತಲೇ. ಬೆಳೆದದ್ದು ಬಹಳ ನಿಧಾನವಾಗಿ, ಪ್ರತಿ ಸಲವೂ ಯಾರಿಗೋ ಪೆಟ್ಟು ಬಿದ್ದ ಮೇಲೆ.

1920ರಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಜಾನ್ ವಾಟ್ಸನ್ ಮತ್ತು ರೋಸಲೀ ರೇನರ್ ಅವರು ‘ಆಲ್ಬರ್ಟ್’ ಎಂದು ಕರೆದ 11 ತಿಂಗಳ ಕೂಸಿನ ಮುಂದೆ ಬಿಳಿ ಇಲಿ ಬಿಟ್ಟು, ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದರು. ಮೊದಲು ಇಲಿಗೆ ಹೆದರದಿದ್ದ ಮಗು ಆಮೇಲೆ ಅದನ್ನು ಕಂಡರೇ ಅಳತೊಡಗಿತು. ಆ ಭಯವನ್ನು ಬಿಡಿಸದೆಯೇ ಮಗುವನ್ನು ಕಳಿಸಿಕೊಟ್ಟರು. 1939ರಲ್ಲಿ ಅಯೋವಾದ ಅನಾಥಾಲಯವೊಂದರಲ್ಲಿ, ಸರಿಯಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ ನೀವು ತೊದಲುತ್ತೀರಿ ಎಂದು ಹೇಳಿ ಪರಿಣಾಮ ನೋಡಲಾಯಿತು. ಅದಕ್ಕೆ ಅಯೋವಾ ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ. ಅಷ್ಟು ಹೊತ್ತಿಗೆ ಆ ಮಕ್ಕಳಲ್ಲಿ ಕೆಲವರು ತೀರಿಹೋಗಿದ್ದರು.

ನಾಜಿ ವೈದ್ಯರ ವಿಚಾರಣೆಯ ನಂತರ, 1947ರ ನ್ಯೂರೆಂಬರ್ಗ್ ಸಂಹಿತೆ ಸ್ವಇಚ್ಛೆಯ ಒಪ್ಪಿಗೆಯನ್ನು ಮೊದಲ ಷರತ್ತಾಗಿಟ್ಟಿತು. ಅಮೆರಿಕದ ಮನೋವಿಜ್ಞಾನ ಸಂಘ 1953ರಲ್ಲಿ ತನ್ನ ಮೊದಲ ನೀತಿಸಂಹಿತೆ ಪ್ರಕಟಿಸಿತು. ಮಿಲ್‌ಗ್ರಾಂ ಪ್ರಯೋಗ ನಡೆದದ್ದು ಇವೆರಡೂ ಬಂದ ಮೇಲೆ ಎಂಬುದನ್ನು ಮರೆಯುವಂತಿಲ್ಲ. ಕಾಗದದ ನಿಯಮವನ್ನು ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು ಕೇಳುವವರು ಇರಲಿಲ್ಲ.

ಕೇಳಿದವರು ಮನೋವಿಜ್ಞಾನಿ ಡಯಾನಾ ಬೌಮ್ರಿಂಡ್. ನಂಬಿ ಬಂದವರನ್ನು ಹೀಗೆ ಹಿಂಸೆಗೆ ದೂಡಬಹುದೇ, ತಮ್ಮ ಬಗ್ಗೆಯೇ ಅವರಿಗಿದ್ದ ವಿಶ್ವಾಸ ಮುರಿಯುವುದಿಲ್ಲವೇ ಎಂದು 1964ರಲ್ಲಿ ಅವರು ನೇರವಾಗಿ ಬರೆದರು. ಆಮೇಲೆ ವಿಚಾರಿಸಿದಾಗ ಶೇಕಡಾ 84 ಜನ ಭಾಗವಹಿಸಿದ್ದಕ್ಕೆ ಸಂತೋಷವಿದೆ ಎಂದರು ಎಂಬುದು ಮಿಲ್‌ಗ್ರಾಂ ಉತ್ತರ. ಆದರೆ ಎಷ್ಟೋ ಮಂದಿಗೆ ಪೂರ್ತಿ ಸತ್ಯ ತಿಳಿಸದೆಯೇ ಅಂದು ಮನೆಗೆ ಕಳಿಸಲಾಗಿತ್ತು ಎಂದು ಲೇಖಕಿ ಗೀನಾ ಪೆರಿ ದಶಕಗಳ ಬಳಿಕ ದಾಖಲೆಗಳಲ್ಲಿ ಕಂಡುಕೊಂಡರು. ಕೊನೆಗೆ ಸಂತೋಷ ಎಂದರು ಎಂಬ ಮಾತು, ನಡುವೆ ಬೇಡ ಎಂದದ್ದನ್ನು ಅಳಿಸುವುದಿಲ್ಲ; ಈ ವಾದದಲ್ಲಿ ಬೌಮ್ರಿಂಡ್ ಅವರದೇ ಗಟ್ಟಿ ನೆಲ.

1971ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ನೆಲಮಾಳಿಗೆಯಲ್ಲಿ ಫಿಲಿಪ್ ಜಿಂಬಾರ್ಡೊ ಕಟ್ಟಿದ ಅಣಕು ಸೆರೆಮನೆ ಎರಡು ವಾರ ನಡೆಯಬೇಕಿತ್ತು. ಕೈದಿಗಳಾಗಿದ್ದ ವಿದ್ಯಾರ್ಥಿಗಳು ಇಲ್ಲಿಂದ ಹೊರಹೋಗಲಾಗದು ಎಂದೇ ನಂಬಿಬಿಟ್ಟರು. ಜಿಂಬಾರ್ಡೊ ಸ್ವತಃ ಸೆರೆಮನೆಯ ಮೇಲಧಿಕಾರಿಯಾಗಿದ್ದರು. ದೂರು ಕೇಳಬೇಕಾದ ಸಂಶೋಧಕ ಅಲ್ಲಿರಲೇ ಇಲ್ಲ. ಹೊರಗಿನಿಂದ ಬಂದ ಕ್ರಿಸ್ಟಿನಾ ಮಾಸ್ಲಾಕ್ ಪ್ರತಿಭಟಿಸಿದ ಮೇಲೆ 6 ದಿನಕ್ಕೇ ಅದು ಮುಚ್ಚಿತು.

ಮರುವರ್ಷ ಅಮೆರಿಕದ ಟಸ್ಕೀಗಿಯ ಹಗರಣ ಬಯಲಾಯಿತು. ಸಿಫಿಲಿಸ್ ಇದ್ದ 399 ಕಪ್ಪು ಜನರನ್ನು 40 ವರ್ಷ ಚಿಕಿತ್ಸೆಯಿಲ್ಲದೆ ಗಮನಿಸುತ್ತ ಬಂದದ್ದು ವೈದ್ಯಕೀಯದ ಪಾಪವೇ ಹೊರತು ಮನೋವಿಜ್ಞಾನದ್ದಲ್ಲ. ಆದರೆ ಅದರಿಂದ ಹುಟ್ಟಿದ 1974ರ ಕಾನೂನು ಮತ್ತು 1979ರ ಬೆಲ್ಮಾಂಟ್ ವರದಿ ಎರಡೂ ಕ್ಷೇತ್ರಗಳನ್ನು ಕಟ್ಟಿಹಾಕಿದವು. ಪ್ರಯೋಗಕ್ಕೆ ಮೊದಲೇ ನೀತಿಸಮಿತಿಯ ಒಪ್ಪಿಗೆ ಪಡೆಯಬೇಕಾಯಿತು.

ಅದರ ಫಲ 2009ರಲ್ಲಿ ಪ್ರಕಟವಾದ ಜೆರ್ರಿ ಬರ್ಗರ್ ಅಧ್ಯಯನದಲ್ಲಿ ಕಾಣುತ್ತದೆ. ಅವರು ಮಿಲ್‌ಗ್ರಾಂ ಪ್ರಯೋಗವನ್ನೇ ಮತ್ತೆ ಮಾಡಿದರು, ಆದರೆ 150 ವೋಲ್ಟ್‌ಗೆ ನಿಲ್ಲಿಸಿದರು. ಮನಸ್ಸು ನಾಜೂಕಾಗಿದ್ದವರನ್ನು ಮೊದಲೇ ಹೊರಗಿಟ್ಟರು. ಯಾವಾಗ ಬೇಕಾದರೂ ಎದ್ದು ಹೋಗಬಹುದು, ಹಣ ನಿಮ್ಮದೇ ಎಂದು ಮೂರು ಸಲ ತಿಳಿಸಿದರು.

ಕಂಪ್ಯೂಟರಿನ ಲೋಕ ಈ ಬೇಲಿಯನ್ನು ಸುಲಭವಾಗಿ ದಾಟಿತು. 2012ರ ಜನವರಿಯಲ್ಲಿ ಫೇಸ್‌ಬುಕ್ 6,89,003 ಬಳಕೆದಾರರ ಕಣ್ಣಿಗೆ ಬೀಳುವ ಪೋಸ್ಟ್‌ಗಳಲ್ಲಿ ಸಂತಸದವನ್ನೋ ದುಃಖದವನ್ನೋ ಕಡಿಮೆ ಮಾಡಿ, ಅವರ ಬರಹದ ಭಾವ ಬದಲಾಗುತ್ತದೆಯೇ ಎಂದು ನೋಡಿತು. ಬಳಕೆಯ ಷರತ್ತುಗಳಿಗೆ ಒತ್ತಿದ ಒಪ್ಪಿಗೆಯೇ ಸಾಕೆಂದುಕೊಂಡರು. 2014ರಲ್ಲಿ ಅದನ್ನು ಪ್ರಕಟಿಸಿದ ಪತ್ರಿಕೆಯೇ ಆಮೇಲೆ ಕಳವಳ ಸೂಚಿಸಿತು. ಮಿಲ್‌ಗ್ರಾಂ ಮುಂದೆ ಕೂತವರಿಗೆ ‘ಸಾಕು’ ಎನ್ನಲು ಎದುರಿಗೊಬ್ಬ ಮನುಷ್ಯನಾದರೂ ಇದ್ದ. ಇಲ್ಲಿ ತಾವು ಪ್ರಯೋಗದೊಳಗಿದ್ದೇವೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ.

ಭಾರತದಲ್ಲಿ ಮಾನಸಿಕ ಅನಾರೋಗ್ಯವಿರುವವರನ್ನು ಸಂಶೋಧನೆಗಾಗಿ ಸಂದರ್ಶಿಸುವುದಕ್ಕೂ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಒಪ್ಪಿಗೆ ಬೇಕು. ಅದೇ ವರ್ಷ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊರಡಿಸಿದ ಮಾರ್ಗಸೂಚಿ, ಒಪ್ಪಿಗೆಪತ್ರ ಭಾಗವಹಿಸುವವರಿಗೆ ತಿಳಿಯುವ ಭಾಷೆಯಲ್ಲಿರಬೇಕು, ಓದು ಬಾರದವರಿಗೆ ನಿಷ್ಪಕ್ಷಪಾತಿ ಸಾಕ್ಷಿಯ ಎದುರು ವಿವರಿಸಬೇಕು ಎನ್ನುತ್ತದೆ. ಕಚೇರಿ ಕನ್ನಡದಲ್ಲಿ ಅನುವಾದಿಸಿದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಈ ಮಾತು ನಡೆಸಿದಂತಾಗದು. ಮಕ್ಕಳ ವಿಷಯದಲ್ಲಿ ಹೆತ್ತವರ ಒಪ್ಪಿಗೆಯಷ್ಟೇ ಸಾಲದು; 7 ತುಂಬಿದ ಮಗುವನ್ನೂ ಕೇಳಬೇಕು, 12ರವರೆಗೆ ಬಾಯಿಮಾತಿನಲ್ಲಿ, ಆಮೇಲೆ ಬರವಣಿಗೆಯಲ್ಲಿ. ಆಲ್ಬರ್ಟ್‌ನ ವಯಸ್ಸಿನ ಕೂಸಿಗೆ ಇಂದಿಗೂ ಹೆತ್ತವರೇ ಬಾಯಿ.